ನೊಣ ತಿನ್ನುವ ಆಟ

ನಾನು ಧಣಿ, ಅವನು ಆಳು.
ಹಲಗೆಯ ಮೇಲಷ್ಟೇ. ಕೆಳಗಿಳಿದರೆ
ಮೂರು ಸೋಲ್ದಿ ನಾನೇ ಅವನಿಗೆ ಬಾಕಿ.

ಬೆರ್ಗಮೋದ ಮೇಲಣ ಕಣಿವೆಯವನು ಮಾಫ್ಫೆಯೊ.
ವೆನಿಸ್ಸಿನ ಕಟ್ಟೆಗಳಲ್ಲಿ ಮೂಟೆ ಹೊತ್ತೂ ಹೊತ್ತೂ
ಬೆನ್ನು ಬಾಗಿದ ಮೇಲೆ
ಬಾಗಿದ್ದನ್ನೇ ಬಂಡವಾಳ ಮಾಡಿಕೊಂಡು ಆಟಕ್ಕೆ ಬಂದವನು.
ಎಂಥ ನಡಿಗೆ ಕಲಿತಿದ್ದಾನೆ, ಅನ್ನುತ್ತಿದ್ದರು ಜನ.
ಕಲಿತದ್ದೆಲ್ಲಿ ಬಂತು,
ಇಳಿಸಲು ಮರೆತ ಮೂಟೆ ಅದು.

ಪಾದೋವಾದ ಚರ್ಮಗಾರ
ಒದ್ದೆ ತೊಗಲನ್ನು ಮರದಚ್ಚಿಗೆ ಹೊದಿಸಿ
ಕೊಂಬಿನ ಸುತ್ತಿಗೆಯಲ್ಲಿ ಬಡಿಬಡಿದು ಕೊಟ್ಟ ಅರ್ಧ ಮುಖ.
ಮೂಗು ಎಷ್ಟುದ್ದವೋ ಆಳು ಅಷ್ಟು ಪೆದ್ದ
ಎಂಬುದು ನಮ್ಮವರ ಲೆಕ್ಕ.
ಇವನದು ಗೇಣುದ್ದ.
ಬಾಯೊಂದನ್ನು ಬಯಲಿಗೆ ಬಿಟ್ಟಿದ್ದ ಚರ್ಮಗಾರ,
ಬೈಯಲು, ಬೇಡಲು, ಬಾಯಿ ಬಿಡಲು.

ಜನ ಕಾಯುತ್ತಿದ್ದದ್ದು ನೊಣಕ್ಕೆ.
ಹಸಿದ ಆಳು ಕುಕ್ಕರುಗಾಲಲ್ಲಿ ಕೂತಿದ್ದಾನೆ.
ಇಲ್ಲದ ನೊಣವೊಂದನ್ನು ಕಣ್ಣಲ್ಲೇ ಹಾರಿಸಿ
ಮೂಗಿನ ತುದಿಯಲ್ಲಿ ಕೂರಿಸಿ
ತಟ್ಟನೆ ಹಿಡಿದು,
ಮುಷ್ಟಿಯನ್ನು ಕಿವಿಗಿಟ್ಟು ಗುಂಯ್‌ಗುಡುವುದನ್ನು ಕೇಳಿ,
ಒಂದು ರೆಕ್ಕೆ ಕಿತ್ತು: ಆಹಾ, ಹಂದಿಯ ತೊಡೆ.
ಇನ್ನೊಂದು: ಓಹೋ, ಹೆಬ್ಬಾತಿನ ಎದೆ.
ಕಾಲು ಆರನ್ನೂ ಚೀಪಿ, ಎಲುಬು ಉಗುಳಿ,
ಉಳಿದದ್ದನ್ನು ನಾಳೆಗೆಂದು ಜೇಬಿಗಿಳಿಸುವಾಗ
ನಾನು ನುಗ್ಗಬೇಕು, ಸೀಳುಕೋಲು ಹಿಡಿದು.
(ಎರಡು ಪಟ್ಟಿಯ ಕೋಲು; ಸದ್ದು ಸಿಡಿಲಿನಷ್ಟು,
ನೋವು ಸೊಳ್ಳೆಯಷ್ಟು.)
ಚಟ್! ಚಟಾರ್! ನನ್ನ ಮನೆಯ ನೊಣ ಕದ್ದೆಯಾ, ಕಳ್ಳ?
ಚೌಕವೇ ಬಿರಿಯುವ ನಗು.

ಆ ವರ್ಷ ಬೆಟ್ಟದಲ್ಲಿ ನವಣೆ ತೆನೆ ಕಟ್ಟಲಿಲ್ಲ.
ಕಾರ್ನಿವಾಲಿನ ಕೊನೆಯ ಮಂಗಳವಾರ.
ಹಿಂದಿನ ರಾತ್ರಿಯಷ್ಟೇ ಊರಿಂದ ಮರಳಿದ್ದ ಮಾಫ್ಫೆಯೊ
ತಮ್ಮನ ಟೊಪ್ಪಿ ಹಾಕಿಕೊಂಡಿದ್ದ.
ಕೇಳಬೇಕಿತ್ತು. ಕೇಳಲಿಲ್ಲ.
ನನಗೆ ಗಡ್ಡ ಅಂಟಿಸಿಕೊಳ್ಳುವ ಅವಸರ.

ಅವತ್ತು ನೊಣವನ್ನು ಅವನು ಹಂದಿ ಅನ್ನಲಿಲ್ಲ, ಬಾತು ಅನ್ನಲಿಲ್ಲ.
ಸುಮ್ಮನೆ ತಿಂದ. ನಿಧಾನವಾಗಿ.
ಬೆರಳು ನೆಕ್ಕಿ ಮತ್ತೆ ಗಾಳಿ ನೋಡಿದ.
ಎಂದಿಗಿಂತ ಹೆಚ್ಚು ನಕ್ಕರು ಜನ,
ನಗು ತಡೆಯಲಾರದೆ ಒಬ್ಬಳು ಗಂಡನ ತೋಳು ಕಚ್ಚಿದಳು.

ಆಗ ಪೀಪಾಯಿಗಳ ಹಿಂದಿನಿಂದ
ಉಪ್ಪು ಹೊರುವವನೊಬ್ಬ ಎದ್ದು ಬಂದು
ಹಲಗೆಯ ಅಂಚಿನಲ್ಲಿ ರೊಟ್ಟಿಯ ತುಂಡೊಂದನ್ನಿಟ್ಟು
ತಗೋ, ಅಂದ.
ಬೆಟ್ಟದ ಮಾತಿನಲ್ಲಿ.

ಆಳಿಗೆ ಕೂಳು ಸಿಗುವ ಕಥೆ ನಮ್ಮಲ್ಲಿಲ್ಲ.
ಬಿದ್ದರೊಂದು ಮಾತು, ಎದ್ದರೊಂದು ಮಾತು
ಇಟ್ಟುಕೊಂಡಿದ್ದವನ ಬಾಯಿ
ತೆರೆದದ್ದು ತೆರೆದೇ ಇತ್ತು.
ನಾನು ಕೋಲೆತ್ತಿದೆ. ಬೇರೇನೂ ಗೊತ್ತಿರಲಿಲ್ಲ.

ರೊಟ್ಟಿ ಮುರಿದ.
ದೊಡ್ಡ ಪಾಲನ್ನು ನನ್ನ ಸುಳ್ಳುಗಡ್ಡ ಸರಿಸಿ ತುರುಕಿದ:
ಅಗಿಯಿರಿ ಧಣಿ, ಹೊಡೆಯಲು ಶಕ್ತಿ ಬೇಕಲ್ಲ.
ಮತ್ತೆ ನಗು. ಟೊಪ್ಪಿಗಳು ಹಾರಿದವು.
ನನ್ನ ಬಾಯ್ತುಂಬ ಗೋಂದು, ಹೊಟ್ಟು, ಕೂದಲು.
ಕೋಲು ಎತ್ತಿದ ಹಾಗೇ ಅಗಿದೆ.
ಬಹಳ ಹೊತ್ತು ಅಗಿಯಬೇಕಾಯಿತು.

ನಡುರಾತ್ರಿ ಗಂಟೆ ಹೊಡೆಯಿತು. ಇನ್ನು ನಲವತ್ತು ದಿನ
ಆಟವಿಲ್ಲ, ಮಾಂಸವಿಲ್ಲ, ಕೂಲಿಯಿಲ್ಲ.
ಮುಖವಾಡ ಬಿಚ್ಚಿ ನನ್ನ ಕೈಗಿತ್ತ. ಒಳಮೈ ಒದ್ದೆ.
ಒಲೆಯ ಹತ್ತಿರ ಇಡಬೇಡ, ತೊಗಲು ಸೆಟೆಯುತ್ತೆ,
ಅಂದವನು ಟೊಪ್ಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು
ಮೂರು ಸೋಲ್ದಿ ನೆನಪಿದೆಯಾ, ಅಂದ.

ಈಸ್ಟರ್ ಕಳೆಯಲಿ, ಅಂದೆ.