ಎಡಗಡೆಯ ಪಿಟೀಲು

ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಮಗ್ಗವನ್ನು ಎಡಕ್ಕಿಟ್ಟುಕೊಂಡು ನಿಂತೆ.
ಆ ಕಡೆಯ ಕಿವಿಯನ್ನು ಲಾಳಿಗಳೇ ತಿಂದು ಮುಗಿಸಿದವು.
ವಾಕ್‌ಶ್ರವಣ ಸಂಸ್ಥೆಯ ಹುಡುಗಿ ಗೆರೆ ಎಳೆದ ಕಾಗದ ಹಿಡಿದು
'ಇಲ್ಲಿಂದಾಚೆ ಏನೂ ಇಲ್ಲಮ್ಮ' ಅಂದಳು,
ಊರಿನ ಗಡಿ ತೋರಿಸಿದ ಹಾಗೆ.

ಮಗ್ಗ ರಿಪೇರಿಯ ದೈವಸಹಾಯಂಗೆ ಇದನ್ನು ಹೇಳಿರಲಿಲ್ಲ.
ಊಟದ ಬಿಡುವಲ್ಲಿ ನನ್ನ ಚಿತ್ರಾನ್ನದ ಡಬ್ಬಿಯ ಪಕ್ಕ
ಕರಿ ಹೆಡ್‌ಫೋನು ಇಟ್ಟ:
'ಕೇಳಕ್ಕ. ಗಲಾಟೆ ಅನ್ಸಿದ್ರೆ ವಾಪಸ್ ಕೊಡು.'
ಗಲಾಟೆಯಂತೆ!
ನನಗೆ!

ಯಾವುದೋ ಹಿಮದ ದೇಶದವರು. ಏಳು ಹಾಡು.
ಮೊದಲನೆಯದರಲ್ಲೇ ಜೋಡಿ ಡ್ರಮ್ಮು.
ಅಯ್ಯೋ, ಇದು ನನ್ನ ಹದಿನಾಲ್ಕನೇ ನಂಬರು ಮಗ್ಗ,
ಹೊಸ ಬೆಲ್ಟು ಹಾಕಿದ ದಿನದ ಓಟ!
ಗಿಟಾರುಗಳು ಒತ್ತೊತ್ತಾಗಿ, ಎಳೆಗೆಳೆ ಜಾಗ ಬಿಡದೆ;
ಅಡಿಯಲ್ಲಿ ದಪ್ಪ ತಂತಿಗಳ ಹಿಂಡು
ಎಮ್ಮೆಗಳು ಕೆರೆಗೆ ಇಳಿದಂತೆ ಇಳಿಯುತ್ತ.
ಇಷ್ಟರ ಮೇಲೆ ಒಬ್ಬ ಹೆಣ್ಣುಮಗಳು
ಕೂಗದೆ ಹಾಡುತ್ತಾಳೆ.
ಅದು ಹೇಗೆ?
ನಾವು ಕೂಗಿಯೇ ಮಾತಾಡಿದವರು,
ಮನೆಗೆ ಹೋಗಿಯೂ ಕೂಗಿ
'ಯಾಕಮ್ಮ ಜಗಳ' ಅನ್ನಿಸಿಕೊಂಡವರು.

ವಾರವಿಡೀ ಕೇಳಿದೆ, ಅಶೋಕಪುರಂ ಬಸ್ಸಿನಲ್ಲಿ,
ಅವರೆಕಾಳು ಹಿತುಕುತ್ತ, ನಿದ್ದೆ ಬಾರದೆ.
ಭಾಷೆ ತಿಳಿಯಲಿಲ್ಲ.
ಮೂರನೆಯದರಲ್ಲಿ ಯಾರೋ ಸತ್ತಿದ್ದಾರೆ, ಅಷ್ಟು ಗೊತ್ತಾಯಿತು.
ಐದನೆಯದು ಹಿಡಿಸಲಿಲ್ಲ,
ಜರಿ ಜಾಸ್ತಿಯಾದ ಸೀರೆ: ತೂಕವಿದೆ, ನೆರಿಗೆ ಕೂರುವುದಿಲ್ಲ.

ಸೋಮವಾರ ಅವನು ಬಂದು,
'ನಾಕನೇದ್ರಲ್ಲಿ ಪಿಟೀಲು ಬತ್ತದಲ್ಲಕ್ಕ, ಹೆಂಗದೆ?'
'ಯಾವ ಪಿಟೀಲು?'
ನನ್ನ ಮುಖ ನೋಡಿದ. ಆಮೇಲೆ ನನ್ನ ಎಡಗಿವಿ.
ಮಾತಾಡದೆ ಹೆಡ್‌ಫೋನನ್ನು ಹಿಂದುಮುಂದು ತಿರುಗಿಸಿ
ಕೈಗೆ ಕೊಟ್ಟ.

ಹದಿನಾರೋ ಇಪ್ಪತ್ತೋ, ಎಣಿಸಲಾರೆ,
ಇಷ್ಟು ದಿನವೂ ಅಲ್ಲೇ ಇದ್ದವು,
ಸತ್ತ ಕಿವಿಯ ಬಾಗಿಲಲ್ಲಿ ನಿಂತು ನುಡಿಸುತ್ತ,
ಒಳಗೆ ಯಾರೂ ಇಲ್ಲವೆಂದು ಗೊತ್ತಿಲ್ಲದೆ.
ಎದುರಿಗೆ ಡಬ್ಬಿಯಲ್ಲಿ ಅನ್ನ ಆರಿತು.
ದೈವಸಹಾಯಂ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಎದ್ದುಹೋದ.

ಈಗ ಪ್ರತಿ ಹಾಡೂ ಎರಡೆರಡು ಸಲ.
ಒಮ್ಮೆ ನೆಟ್ಟಗೆ, ಒಮ್ಮೆ ತಿರುಗುಮುರುಗು.
ಹಾಸು ಒಂದು ಪಾಳಿಗೆ, ಹೊಕ್ಕು ಇನ್ನೊಂದು ಪಾಳಿಗೆ;
ನೇಯುವುದು ನನ್ನ ಪಾಲಿಗೆ.
ಐದನೆಯದನ್ನೂ ಬಿಡುವುದಿಲ್ಲ, ಯಾರಿಗೆ ಗೊತ್ತು,
ಅದರ ನೆರಿಗೆ ಆ ಕಡೆ ಇದ್ದರೂ ಇರಬಹುದು.

ಕೊನೆಯ ಹಾಡು ಹದಿನಾಲ್ಕು ನಿಮಿಷ.
ಮುಗಿಯುವ ಮುಂಚೆ ಎಲ್ಲ ಒಟ್ಟಿಗೆ ನಿಲ್ಲುತ್ತದೆ,
ಕರೆಂಟು ಹೋದಾಗ ಇಡೀ ಶೆಡ್ಡು ನಿಂತಂತೆ.
ಆಗ ನಮ್ಮಲ್ಲಿ ಯಾರಾದರೂ ಒಬ್ಬಳು ಇನ್ನೂ ಕೂಗುತ್ತಿರುತ್ತಾಳೆ,
'ಉಪ್ಪು ಜಾಸ್ತಿ ಆಯ್ತು ಕಣೇ' ಅಂತ,
ಎಲ್ಲರಿಗೂ ಕೇಳಿ ನಗು.
ಇಲ್ಲಿ ಉಳಿಯುವುದು ಆ ಹೆಣ್ಣುಮಗಳ ದನಿ, ಒಂದೇ.
ಅವಳು ಎರಡು ಕಡೆಯೂ ಇದ್ದಾಳೆ.
ತಿರುಗಿಸಬೇಕಿಲ್ಲ.