ನೂರಕ್ಕೆ ಎಂಟು

ಸೋಯಾ ಹೂವಿಗೆ ಯಾರ ಹಂಗೂ ಬೇಡ.
ಅಕ್ಕಿಕಾಳಿನಷ್ಟು ಮೊಗ್ಗು;
ಬಾಗಿಲು ತೆರೆಯುವ ಮೊದಲೇ ಒಳಗೆ
ಧಾರೆಯೆರೆದು ಮುಗಿದಿರುತ್ತದೆ.
ದುಂಬಿ ಬರುವುದು ಪಂಕ್ತಿ ಎದ್ದ ಮೇಲೆ.

ಅದಕ್ಕೇ ನಾವು ಏಳಕ್ಕೆಲ್ಲ
ಪುಣೆಯ ಅಂಚಿನ ಈ ಮಾಂಜರಿಯ ಹೊಲದಲ್ಲಿರಬೇಕು,
ಸೋಲಾಪುರದ ಗಾಡಿ ಕೂಗುವ ಮುಂಚೆ,
ಆಗಸ್ಟಿನ ಜಿಟಿಜಿಟಿಯಲ್ಲಿ, ಮೊಣಕಾಲಿಗೆ ಗೋಣಿತಟ್ಟು ಕಟ್ಟಿ,
ಕೈಯಲ್ಲಿ ಚಿಮಟ, ಹಣೆಗೆ ಭೂತಗನ್ನಡಿ.

ಸಾಲಿನ ಆ ಬದಿಗೆ ಹೌಸಾಬಾಯಿ, ಈ ಬದಿಗೆ ನಾನು.
ಅಕ್ಕಲಕೋಟೆಯಿಂದ ಬಂದು ಹನ್ನೊಂದು ವರ್ಷ;
ಬೈಗುಳವೂ ಮರಾಠಿಯಾಗಿದೆ ನನಗೆ,
ಎಣಿಕೆ ಮಾತ್ರ ಇನ್ನೂ ಕನ್ನಡ.
ಒಂದು, ಎರಡು ಎಂದು ನಾನು ಕೇಸರ ಕೀಳುತ್ತೇನೆ,
ಏಕ, ದೋನ್ ಎಂದು ಅವಳು.
ಒಂಬತ್ತು ಒಂದೇ ಕಟ್ಟಿನಲ್ಲಿ, ಹತ್ತನೆಯದು ಬೇರೆ ನಿಂತಿರುತ್ತದೆ.
ಅದಕ್ಕೆ ಅವಳಿಟ್ಟ ಹೆಸರು ಮನೆಯಳಿಯ:
'ಮರತೀ ಮತ್ತ! ಅವನೊಬ್ಬ ಉಳಿದರೂ ಸಾಕು,
ಇಡೀ ದಿನ ಹೊಳ್ಯಾಗ ಹುಣಸೆಹಣ್ಣು ತೊಳದಂಗ.'

ತಾಯಿ, ಇಪ್ಪತ್ತೇಳನೇ ನಂಬರು. ಬಿಳಿ ಹೂ.
ಮೈತುಂಬ ಹೆರುವವಳು, ಆದರೆ ಸಿಡುಕಿ:
ಅಕ್ಟೋಬರಿನ ಬಿಸಿಲು ಸ್ವಲ್ಪ ಜೋರಾಗಿ ಮಾತಾಡಿದರೆ
ಚಟ್ಟೆಂದು ಕಾಯಿ ಒಡೆದು
ಕೊಯ್ಯುವವರ ಕಾಲ ಕೆಳಗೆ ಚೆಲ್ಲಿಬಿಡುತ್ತಾಳೆ.
ತಂದೆ, ಯಾವುದೋ ಬೆಟ್ಟದ ಬಡಕಲ. ನೇರಳೆ ಹೂ.
ಕರಿ ಕಾಳು, ಗಿಡಕ್ಕೊಂದು ಹಿಡಿಯೂ ಆಗುವುದಿಲ್ಲ. ಆದರೆ
ಒಣಗಿ ಕಡ್ಡಿಯಾದರೂ ಬಾಯಿ ಬಿಡದವನು.
ಅವಳ ಬಸಿರಿಗೆ ಇವನ ಮೌನ ಬೇಕು,
ನಮ್ಮ ಸಂಬಳ ಇಷ್ಟಕ್ಕೇ.

ಉಸಿರು ಬಿಗಿಹಿಡಿದು ಪರಾಗ ಸವರಿ, ಕೆಂಪು ದಾರ ಕಟ್ಟಿ,
ಚೀಟಿಯಲ್ಲಿ ತಾರೀಖು, ಪೆನ್ಸಿಲಿನಲ್ಲಿ;
ಮಳೆಯ ಮುಂದೆ ಇಂಕಿನ ಮಾತು ನಿಲ್ಲುವುದಿಲ್ಲ.
ನೂರು ಹೂವಿಗೆ ಕಟ್ಟಿದರೆ ಎಂಟು ಕಾಯಿ.
ಉಳಿದವು ಉದುರುತ್ತವೆ, ದಾರ ಸಮೇತ.

ಮೇಲಿನ ಮಹಡಿಯಲ್ಲಿ ಡಾಕ್ಟರ್ ಓಕ್ ಬಾಯಿಯವರ ತಣ್ಣನೆ ಕೋಣೆ.
ಅಲ್ಲಿ ಮದುವೆಯೇ ಬೇಡ. ಸಿಡುಕಿನ ಅಕ್ಷರ ಎಲ್ಲಿದೆ ಎಂದು ಹುಡುಕಿ
ಅದನ್ನೊಂದೇ ಕತ್ತರಿಸಿದ್ದಾರೆ.
ನಮಗೆ ಎಂಟು ವರ್ಷ, ಅವರಿಗೆ ಎರಡು.
ಆ ಗಿಡಗಳು ಎರಡು ಬಾಗಿಲ ಗಾಜಿನ ಮನೆಯಲ್ಲಿ,
ಎರಡು ಬೀಗ; ಉದುರಿದ ಎಲೆಗೂ ಲೆಕ್ಕ, ಸುಟ್ಟದ್ದಕ್ಕೂ ಸಹಿ.
ದಿಲ್ಲಿಯ ಕಾಗದಕ್ಕೆ ಕಾಯುತ್ತಿವೆ.
ಗಾಜಿಗೆ ಮೂಗು ಹಚ್ಚಿ ಹೌಸಾಬಾಯಿ ಕೇಳಿದ್ದು ಇಷ್ಟೇ:
'ಹೂ ಬಿಡ್ತಾವೇನ?'
'ಬಿಡ್ತಾವ.'
'ಮದುವಿ ಒಳಗೇ?'
'ಒಳಗೇ.'
'ಹಂಗಾದ್ರ ನಮ್ಮವೇ,' ಎಂದು ಸೆರಗು ಕೊಡವಿ ಹೊರಟಳು.

ಜನವರಿ. ಕುಂಡಗಳಲ್ಲಿ ಇಪ್ಪತ್ತಮೂರು ಕಾಳು.
ಐದನೇ ಬೆಳಗ್ಗೆ ಮಣ್ಣು ಬಿರಿಯಿತು.
ಕತ್ತು ನೇರಳೆಯಾದರೆ ಸಂಬಂಧ ಕೂಡಿದೆ;
ಹಸಿರಾದರೆ, ನಮ್ಮ ಚಿಮಟದ ಕಣ್ಣು ತಪ್ಪಿಸಿ
ಅಳಿಯ ಉಳಿದಿದ್ದ.
ಅವಳ ಎಡಗಣ್ಣಿಗೆ ಪೊರೆ; ನೀನೇ ನೋಡು ಎಂದಳು.
ಹಸಿರು. ಹಸಿರು. ಹಸಿರು.
ಬಗ್ಗಿದ ಬೆನ್ನು ಎತ್ತಲು ನಾಚಿಕೆಯಾಯಿತು.
ಹಸಿರು.
ಆಮೇಲೆ ಮೂಲೆಯ ಕುಂಡದಲ್ಲಿ,
ಚಳಿಗೆ ತುಟಿ ಕಪ್ಪಿಟ್ಟ ಕೂಸಿನಂತೆ, ಒಂದು.

ಎಲ್ಲ ಸೇರಿ ನೇರಳೆ ಐದು. ರಿಜಿಸ್ಟರಿನಲ್ಲಿ ಬರೆದೆ.
ಈ ಐದನ್ನು ಇನ್ನು ಏಳು ತಲೆಮಾರು ಬಿತ್ತಬೇಕು, ಆರಿಸಬೇಕು;
ಅಷ್ಟರಲ್ಲಿ ಬೇಲಿಯಾಚೆಯ ಕ್ರೇನು
ಈಚೆಗೆ ಬಂದಿರುತ್ತದೋ ಏನೋ.

ಹಸಿರನ್ನು ಕಿತ್ತೆಸೆಯಬೇಕು, ಅದು ನಿಯಮ.
ಹದಿನೆಂಟನ್ನೂ ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ
ಖಾಲಿ ಊಟದ ಡಬ್ಬಿಯಲ್ಲಿ ನಿಲ್ಲಿಸಿಕೊಂಡಳು.
'ಮೋಸ ಮಾಡ್ಯಾವಂತ ಬರೀಬ್ಯಾಡ,' ಅಂದಳು,
'ತಮ್ಮ ಪಾಡಿಗೆ ತಾವು ಇದ್ದವು, ಪಾಪ.'

ಹಡಪಸರದ ಬಸ್ಸಿನಲ್ಲಿ
ಕಿಟಕಿಯ ಪಕ್ಕ ಅವಕ್ಕೇ ಕೊಟ್ಟಳು.