ಏಳು ಸೊನ್ನೆಗೆ ಜಾಗ

ಒಂಬತ್ತು ಹಲಗೆ, ಎರಡು ಡಬ್ಬಿ ಬಣ್ಣ,
ಸೀಮೆಎಣ್ಣೆಯಲ್ಲಿ ಅದ್ದಿಟ್ಟ ಒಂದು ಕುಂಚ.
ಗಂಗಾವತಿಯ ಅಕ್ಕಿ ಗಿರಣಿಗಳ ಗೋಡೆಗೆ
ಹೆಸರು ಬರೆದು ಉಣ್ಣುವವನು ನಾನು.
ಗುಡ್ಡಕ್ಕೆ ಬರೆಯಲು ಕರೆ ಬಂದದ್ದು
ಇದೇ ಮೊದಲು.

ಸಾಣಾಪುರ ದಾಟಿ, ಬಾಳೆತೋಟದ ಬದುವಿಗೆ ಬೈಕು ನಿಲ್ಲಿಸಿ
ಗಾರ್ಡ್ ಖಾಜಾಹುಸೇನ ಮುಂದೆ, ನಾನು ಹಿಂದೆ,
ಇಬ್ಬರಿಗೂ ಮುಂದೆ ಹುಲಿಗೆಮ್ಮನ ಹನ್ನೊಂದು ಮೇಕೆ.
ದಾರಿ ಕೇಳಿದ್ದೇ ತಪ್ಪಾಯಿತು.
"ದಾರಿ ಎಲ್ಲೈತಿ ಇಲ್ಲಿ? ಕಾಲೈತಿ, ಬರ್ರಿ."

ಆಫೀಸಿನ ಪಟ್ಟಿಯಲ್ಲಿ ಇದ್ದದ್ದು ಇಷ್ಟೇ:
ಶಿಲಾರಚನೆ ಒಂದು, ಶಿಲಾರಚನೆ ಎರಡು, ಮೂರು.
ಅವಳ ಬಾಯಲ್ಲಿ ಒಂದು, ಮುನಿಸ್ಕೊಂಡಾಕಿ:
ಹೊಳೆಗೆ ಬೆನ್ನು ಕೊಟ್ಟು ಕೂತ ದುಂಡು ಗುಂಡು.
ಎರಡು, ರೊಟ್ಟಿ ಬುಟ್ಟಿ:
ಬಿಸಿಲಿಗೆ ಪದರು ಪದರಾಗಿ ಸುಲಿದು
ಒಂದರ ಮೇಲೊಂದು ಒಣಗಿದ ಬಂಡೆ.
ಮೂರನೆಯದು ತುದಿಗಾಲಲ್ಲಿ, ಗಾಳಿಯಲ್ಲಿ ಅರ್ಧ.
"ಇಂವ ಸಾಲಗಾರ. ಇವತ್ತ ಬೀಳ್ತೀನಿ, ನಾಳೆ ಬೀಳ್ತೀನಿ ಅಂತಾನ,
ನಮ್ಮಜ್ಜಿ ಕಾಲದಿಂದ ವಾಯಿದೆ ಹೇಳಕೋಂತ ನಿಂತಾನ."
ಮುಂದೆ ಒಂದು ಗವಿ, ಹಸಿ ಕರಡಿಯ ವಾಸನೆ.
ಅಕ್ಕಿಯ ರೇಟು, ಗಾರ್ಡಿನ ಮಗಳ ಪರೀಕ್ಷೆ, ಏನೇನೋ
ಜೋರಾಗಿ ಮಾತಾಡುತ್ತ ದಾಟಿದೆವು.

ಹಲಗೆ ನಾಲ್ಕು: ವೀಕ್ಷಣಾ ಸ್ಥಳ.
ಕೆಳಗೊಂದು ಬಾಣ ಇರಬೇಕು ಎಂದು ಆಜ್ಞೆ.
ಬಾಣ ಯಾವ ಕಡೆಗೆ?
ಬಲಕ್ಕೆ ತುಂಗಭದ್ರೆ, ಮೂರು ಕವಲಾಗಿ, ಒಂದಾಗಿ,
ಮತ್ತೆ ಎರಡಾಗಿ, ಆಸ್ತಿ ಹಂಚಿಕೊಳ್ಳಲಾಗದ ಅಣ್ಣತಮ್ಮಂದಿರ ಹಾಗೆ.
ಎಡಕ್ಕೆ ನಾಟಿ ಮಾಡಿದ ಗದ್ದೆ, ಕಣ್ಣು ಕುಕ್ಕುವ ಹಸಿರು,
ಹಸಿರಿನ ನಡುವೆ ಯಾರೂ ಎತ್ತಲಾರದೆ
ಉಳುವವರು ಬಳಸಿಕೊಂಡು ಹೋಗುವ ಕಲ್ಲು.
ಎದುರಿಗೆ ಕಲ್ಲು. ಅದರಾಚೆ ಕಲ್ಲು. ಆಮೇಲೆ ಆಕಾಶ.
"ನಾನಾಗಿದ್ರ ಬಾಣ ಕೆಳಗ ಬರೀತಿದ್ದೆ," ಅಂದಳು,
"ಕಾಲ ಬುಡಕ ನೋಡದಿದ್ರ
ಹೊಳಿ ಭಾಳ ಹತ್ರದಿಂದ ಕಾಣತೈತಿ."

ಒಂಬತ್ತನೆಯ ಹಲಗೆಗೆ ಬರುವಾಗ ನೆರಳು ಕಾಲಡಿಗೆ ಬಂದಿತ್ತು.
ಬಂಡೆಯ ವಯಸ್ಸು: ಇನ್ನೂರೈವತ್ತು ಕೋಟಿ ವರ್ಷ.
ಅಂಕಿಯಲ್ಲೇ ಬರೆಯಬೇಕಂತೆ, ದೂರಕ್ಕೆ ಕಾಣುವಂತೆ.
ಎರಡು ಬರೆದೆ, ಐದು ಬರೆದೆ, ದಪ್ಪಗೆ,
ಗಿರಣಿಯ ಫೋನ್ ನಂಬರು ಬರೆವ ಕೈ.
ಆಮೇಲೆ ಸೊನ್ನೆ. ಎಂಟು ಬೇಕು.
ಏಳಕ್ಕೇ ಅಂಚು ಬಂತು.

ಖಾಜಾಹುಸೇನ ಬೆರಳು ಮಡಚಿ ಎಣಿಸಿದ.
ಇನ್ನೂರಿಪ್ಪತ್ತೈದು ಕೋಟಿ ವರ್ಷ
ತಗಡಿನಲ್ಲಿ ಜಾಗವಿಲ್ಲದೆ ಹೋಗಿತ್ತು.
ಬಂಡೆ ಏನೂ ಅನ್ನಲಿಲ್ಲ.
ಒಂದು ಓತಿಕ್ಯಾತ ಅದರ ಮೇಲೆ ತಲೆ ಆಡಿಸಿತು,
ಹೌದು ಹೌದು ಎಂದೋ, ಬಿಸಿಲಿಗೋ.

ನಕ್ಕವಳು ಹುಲಿಗೆಮ್ಮ.
"ನಂದೂ ಹಿಂಗಽ ಆಗೈತ್ರಿ. ನಮ್ಮವ್ವ ಕಾಲುವಿಗೆ ಕಲ್ಲು ಹೊರೂವಾಗ
ಹುಟ್ಟಿದಾಕಿ ನಾನು. ಆಧಾರಿನಾಗ ಐವತ್ತೈದು.
ಹನ್ನೆರಡು ವರ್ಷ ಎಲ್ಲಿ ಹೋದ್ವು ಅಂದ್ರ
ಕಂಪ್ಯೂಟರಿನಾಂವ ಪಿಂಚಣಿಗೆ ಇನ್ನೂ ಐದು ವರ್ಷ ತಡಿ ಅಂದ.
ಈ ಕಲ್ಲಿಗೆ ಪಿಂಚಣಿ ಬ್ಯಾಡ, ಬಿಡ್ರಿ."

ಕೆಳಗೆ ಹೊಳೆಯಲ್ಲಿ ಒಂದು ಹರಗೋಲು ತಿರುಗುತ್ತಿತ್ತು,
ಇಷ್ಟು ಎತ್ತರದಿಂದ ಒಂದು ಸೊನ್ನೆಯಷ್ಟೇ.
ತೋರಿಸಿದೆ. ಅವಳಿಗೆ ಅದು ಹಿಡಿಸಲಿಲ್ಲ.
"ಅದು ಮಲ್ಲಪ್ಪಂದು. ಅದನ್ಯಾಕ ಇಲ್ಲಿ ತರ್ತೀರಿ?"

ಡಬ್ಬಿಯ ತಳದಲ್ಲಿ ಇನ್ನೂ ಒಂದಿಷ್ಟು ಬಿಳಿ.
ಹಲಗೆಯ ಹಿಂಬದಿ, ಪ್ರವಾಸಿಗರು ನೋಡದ ಕಡೆ,
ಕಲ್ಲಿಗೆ ಮುಖ ಮಾಡಿದ ಕಡೆ
ಬರೆಯಲಾ ಎಂದು ಕೇಳಿದೆ.
"ಹೆಸರು ಬ್ಯಾಡ, ಹೆಸರು ಕಾರ್ಡಿನಾಗ ಸರಿ ಐತಿ.
ನಂಬರಷ್ಟಽ ಬರೀರಿ."
ಗಾರ್ಡು ಹದ್ದನ್ನು ನೋಡುತ್ತ ನಿಂತ.
ಬರೆದೆ: ೬೭.

ಒಣಗುವ ಮೊದಲೇ ಬಂತು ಕುರುಚಲು ಗಡ್ಡದ ಹೋತ,
ಕಂಬಕ್ಕೆ ಪಕ್ಕೆ ಉಜ್ಜಿ, ಹಲಗೆಗೂ ಉಜ್ಜಿ,
ಆರನ್ನು ಮೈಮೇಲೆ ಹೊತ್ತು ನಡೆಯಿತು.
"ಈಗ ನಿಮಗ ಏಳು, ಅಮ್ಮಾ," ಅಂದ ಖಾಜಾಹುಸೇನ.
"ಇರಲಿ ಬಿಡ್ರಿ," ಸೆರಗು ಸೊಂಟಕ್ಕೆ ಸಿಗಿಸುತ್ತ ಅಂದಳು,
"ಇಳಿಯೂದಕ್ಕ ಅದಽ ಚಲೋ."